ಜಿಕೆ ಪುಸ್ತಕದ ಒಂದು ಸಾಲಿನ ಹಿಂದೆ

‘ಆಫ್ರಿಕಾ ಖಂಡದ ಮೊದಲ ಚುನಾಯಿತ ಮಹಿಳಾ ಅಧ್ಯಕ್ಷೆ ಯಾರು?’

ನಾನು ಪ್ರಶ್ನೆಯನ್ನು ಪೂರ್ತಿ ಓದುವ ಮೊದಲೇ ಎದುರು ಕೂತಿದ್ದ ಅಣ್ಣ, ‘ಎಲೆನ್ ಜಾನ್ಸನ್ ಸರ್ಲೀಫ್, ಲೈಬೀರಿಯಾ. ಮುಂದಿನದು ಕೇಳಮ್ಮ’ ಎಂದರು.

ನಮ್ಮೂರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ನಡೆದ ಮಾತಿದು. ಆ ಅಣ್ಣ ಮೂರು ವರ್ಷದಿಂದ ಎಫ್‌ಡಿಎ, ಪಿಎಸ್‌ಐ, ಪಿಡಿಒ ಎಂದು ಕರೆದ ಪರೀಕ್ಷೆಗಳನ್ನೆಲ್ಲ ಬರೆಯುತ್ತಿದ್ದಾರೆ. ನನ್ನ ಕೈಗೆ ದಪ್ಪನೆಯ ಜಿಕೆ ಪುಸ್ತಕ ಕೊಟ್ಟು ಪ್ರಶ್ನೆ ಕೇಳಿಸಿಕೊಳ್ಳುವುದು ಅವರ ರೂಢಿ. ‘ಅವರು ಏನು ಮಾಡಿದ್ರಣ್ಣ?’ ಎಂದು ಕೇಳಿದೆ. ‘ಅದೆಲ್ಲ ಸಿಲಬಸ್‌ನಲ್ಲಿಲ್ಲ ಕಣಮ್ಮ’ ಎಂದು ನಕ್ಕರು.

ವಾರದ ದಿನ ಮಧ್ಯಾಹ್ನ ಎಂಜಿನಿಯರಿಂಗ್ ಹುಡುಗಿಗೆ ಗ್ರಂಥಾಲಯದಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ಹೇಳಿಬಿಡುತ್ತೇನೆ. ನನಗೆ ಇಯರ್ ಬ್ಯಾಕ್ ಆಗಿದೆ. ಎಲೆಕ್ಟ್ರಿಕಲ್ ಬ್ರಾಂಚ್. ಎರಡನೇ ವರ್ಷದಲ್ಲಿ ಎಂ-3 ಸೇರಿ ಐದು ವಿಷಯ ಉಳಿದವು. ಜೊತೆಗಿದ್ದವರೆಲ್ಲ ಮೂರನೇ ವರ್ಷಕ್ಕೆ ಹೋದರು, ನಾನು ಪುಸ್ತಕದ ಚೀಲ ಹೊತ್ತು ಊರಿಗೆ ಬಂದೆ. ಕ್ಲಾಸಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಇಂಟರ್ನ್‌ಶಿಪ್, ಪ್ಲೇಸ್‌ಮೆಂಟ್ ಎಂಬ ಮಾತು ಶುರುವಾದ ದಿನ ಗ್ರೂಪನ್ನು ಮ್ಯೂಟ್ ಮಾಡಿದೆ. ಮನೆಯಲ್ಲಿ ಅಪ್ಪ–ಅಮ್ಮನಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ.

ಆ ಸಂಜೆ ಫೋನಿನಲ್ಲಿ ಎಲೆನ್ ಅವರ ಬಗ್ಗೆ ಹುಡುಕಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಅವರ ವಯಸ್ಸು. ಅಧ್ಯಕ್ಷೆಯಾದಾಗ ಅವರಿಗೆ 67. ಅದಕ್ಕೂ ಹಿಂದಿನ ಐವತ್ತು ವರ್ಷ ಏನು ಮಾಡುತ್ತಿದ್ದರು? ಹುಡುಕುತ್ತಾ ಹೋದೆ. ಎಂ-3 ಪುಸ್ತಕಕ್ಕಿಂತ ಹೆಚ್ಚು ಆಸಕ್ತಿಯಿಂದ ಓದಿದೆ ಎಂದು ಒಪ್ಪಿಕೊಳ್ಳಲೇಬೇಕು.

ಮೊದಲು ಅವರ ದೇಶದ ಬಗ್ಗೆ ಎರಡು ಮಾತು. ಲೈಬೀರಿಯಾ ಇರುವುದು ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ. ಅಮೆರಿಕದಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರನ್ನು 1820ರ ದಶಕದಿಂದ ಅಲ್ಲಿಗೆ ತಂದು ನೆಲೆಗೊಳಿಸಲಾಯಿತು. 1847ರಲ್ಲಿ ದೇಶ ಸ್ವತಂತ್ರವಾಯಿತು. ವಿಚಿತ್ರ ನೋಡಿ, ಹೀಗೆ ಬಂದವರ ವಂಶದವರು ಜನಸಂಖ್ಯೆಯಲ್ಲಿ ತೀರಾ ಸಣ್ಣ ಪಾಲು. ಆದರೂ ಮೂಲನಿವಾಸಿಗಳನ್ನು ಕೆಳಗಿಟ್ಟು ಅಧಿಕಾರ ನಡೆಸಿದವರು ಅವರೇ, ಅದೂ 1980ರವರೆಗೆ.

ಎಲೆನ್ ಹುಟ್ಟಿದ್ದು 1938ರ ಅಕ್ಟೋಬರ್ 29ರಂದು, ರಾಜಧಾನಿ ಮನ್ರೋವಿಯಾದಲ್ಲಿ. ತಂದೆ ಗೋಲಾ ಬುಡಕಟ್ಟಿನವರು, ದೇಶದ ಶಾಸನಸಭೆಗೆ ಹೋದ ಮೊದಲ ಮೂಲನಿವಾಸಿ. ತಾಯಿಯ ತಾಯಿ ಸಂತೆಯಲ್ಲಿ ವ್ಯಾಪಾರ ಮಾಡುತ್ತಿದ್ದ ಕ್ರೂ ಬುಡಕಟ್ಟಿನ ಹೆಂಗಸು. ಎಲೆನ್ ಹುಟ್ಟಿದ ಕೆಲವೇ ದಿನಕ್ಕೆ ಮನೆಗೆ ಬಂದ ಮುದುಕರೊಬ್ಬರು ‘ಈ ಮಗು ದೊಡ್ಡ ವ್ಯಕ್ತಿಯಾಗುತ್ತದೆ’ ಎಂದರಂತೆ. ಅದೇ ಮಾತು ಮುಂದೆ ಅವರ ಆತ್ಮಕಥೆಯ ಹೆಸರಾಯಿತು, ‘ದಿಸ್ ಚೈಲ್ಡ್ ವಿಲ್ ಬಿ ಗ್ರೇಟ್’.

ಆದರೆ ಆ ಭವಿಷ್ಯ ನಿಜವಾಗುವ ಲಕ್ಷಣ ಬಹಳ ವರ್ಷ ಕಾಣಲಿಲ್ಲ. ಹೈಸ್ಕೂಲಿನಲ್ಲಿದ್ದಾಗ ತಂದೆಗೆ ಪಾರ್ಶ್ವವಾಯು ಹೊಡೆಯಿತು. ಅವರ ರಾಜಕೀಯವೂ ನಿಂತಿತು, ಮನೆಯ ಆದಾಯವೂ ನಿಂತಿತು. 17ನೇ ವಯಸ್ಸಿಗೆ ಎಲೆನ್‌ಗೆ ಮದುವೆಯಾಯಿತು. ನೋಡನೋಡುತ್ತಲೇ ನಾಲ್ಕು ಗಂಡುಮಕ್ಕಳು. ಜೊತೆಯಲ್ಲಿ ಓದಿದವರು ವಿದೇಶದ ಕಾಲೇಜುಗಳಿಗೆ ಹೋಗುತ್ತಿದ್ದರೆ ಎಲೆನ್ ಮನೆಯಲ್ಲಿ ಮಕ್ಕಳನ್ನು ಎತ್ತಿ ಆಡಿಸುತ್ತಿದ್ದರು. ಆ ಸಾಲು ಓದಿದಾಗ ನಾನು ಮ್ಯೂಟ್ ಮಾಡಿದ ವಾಟ್ಸ್ಆ್ಯಪ್ ಗ್ರೂಪು ನೆನಪಾಯಿತು.

1961ರಲ್ಲಿ ಗಂಡನ ಜೊತೆ ಅಮೆರಿಕಕ್ಕೆ ಹೋಗುವ ಅವಕಾಶ ಸಿಕ್ಕಿತು. ಮಕ್ಕಳನ್ನು ಅಜ್ಜಿಯರ ಬಳಿ ಬಿಟ್ಟರು. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಬಿಸಿನೆಸ್ ಕಾಲೇಜಿನಲ್ಲಿ ಅಕೌಂಟಿಂಗ್ ಕಲಿತರು. ದೊಡ್ಡ ಹೆಸರಿನ ಕಾಲೇಜೇನಲ್ಲ. ಕಲಿತದ್ದು ಜಮಾ–ಖರ್ಚಿನ ಲೆಕ್ಕ. ಓದಿನ ಜೊತೆಗೆ ಅಂಗಡಿಯಲ್ಲಿ ನೆಲ ಗುಡಿಸುವ, ಗಿರಾಕಿಗಳಿಗೆ ತಿಂಡಿ ಬಡಿಸುವ ಕೆಲಸವನ್ನೂ ಮಾಡಿದರು. ಗಂಡ ಹೊಡೆಯುತ್ತಿದ್ದ. ಕೊನೆಗೆ ವಿಚ್ಛೇದನವಾಯಿತು. ಲೈಬೀರಿಯಾದ ಹಣಕಾಸು ಇಲಾಖೆಯಲ್ಲಿ ಕೆಲಸ ಮಾಡುತ್ತಲೇ ಮತ್ತೆ ಓದುವ ದಾರಿ ಹುಡುಕಿದರು. ಕೊಲೊರಾಡೊದಲ್ಲಿ ಅರ್ಥಶಾಸ್ತ್ರ ಓದಿ, 1971ರಲ್ಲಿ ಹಾರ್ವರ್ಡ್‌ನಿಂದ ಸಾರ್ವಜನಿಕ ಆಡಳಿತದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಆಗ ಅವರಿಗೆ 32. ನಮ್ಮ ಕಡೆಯ ಲೆಕ್ಕದಲ್ಲಿ ‘ಇನ್ನೇನು ಓದುತ್ತೀಯಮ್ಮ’ ಎನ್ನುವ ವಯಸ್ಸು.

ಊರಿಗೆ ಮರಳಿ ಹಣಕಾಸು ಇಲಾಖೆಯಲ್ಲಿ ಮೇಲಿನ ಹುದ್ದೆಗೆ ಬಂದರು. ಸರ್ಕಾರದ ಕೆಲಸದಲ್ಲಿದ್ದುಕೊಂಡೇ ಸರ್ಕಾರದ ತಪ್ಪುಗಳನ್ನು ಬಹಿರಂಗವಾಗಿ ಆಡುವುದು ಅವರ ಸ್ವಭಾವ. 1972ರಲ್ಲಿ ತಾವು ಓದಿದ ಹೈಸ್ಕೂಲಿಗೇ ಅತಿಥಿಯಾಗಿ ಹೋಗಿ ಆಳುವವರ ವಿರುದ್ಧ ಮಾತಾಡಿದರು. ಸ್ವಲ್ಪ ಕಾಲಕ್ಕೆ ದೇಶ ಬಿಟ್ಟು ವಿಶ್ವಬ್ಯಾಂಕಿನ ಕೆಲಸಕ್ಕೆ ಹೋದರು. ಮತ್ತೆ ಬಂದರು. ಹೋಗುವುದು, ಮತ್ತೆ ಬರುವುದು, ಅವರ ಜೀವನದುದ್ದಕ್ಕೂ ಹೀಗೆಯೇ.

1979ರಲ್ಲಿ ಸರ್ಕಾರ ಅಕ್ಕಿಯ ಬೆಲೆ ಏರಿಸಲು ಹೊರಟಿತು. ನೂರು ಪೌಂಡಿನ ಮೂಟೆಗೆ 22 ಡಾಲರ್ ಇದ್ದದ್ದನ್ನು 26 ಮಾಡುವ ಆಲೋಚನೆ. ಅಲ್ಲಿಯೂ ನಮ್ಮ ಹಾಗೆ ಅನ್ನವೇ ಊಟ. ಏಪ್ರಿಲ್ 14ರಂದು ಮನ್ರೋವಿಯಾದಲ್ಲಿ ಜನ ಬೀದಿಗಿಳಿದರು, ಗುಂಡು ಹಾರಿತು, ಹಲವರು ಸತ್ತರು. ಅದೇ ವರ್ಷ ಎಲೆನ್ ಹಣಕಾಸು ಸಚಿವೆಯಾದರು. ಆದರೆ ಕಾಲ ಮಿಂಚಿತ್ತು. 1980ರ ಏಪ್ರಿಲ್ 12ರಂದು ಸ್ಯಾಮ್ಯುಯೆಲ್ ಡೋ ಎಂಬ ಸೈನಿಕ ಅಧ್ಯಕ್ಷ ಟಾಲ್ಬರ್ಟ್ ಅವರನ್ನು ಕೊಲ್ಲಿಸಿ ಅಧಿಕಾರ ಹಿಡಿದ. ಹತ್ತು ದಿನಕ್ಕೆ ಹಳೆಯ ಸರ್ಕಾರದ 13 ಮಂದಿಯನ್ನು ಸಮುದ್ರದ ದಂಡೆಯಲ್ಲಿ ಕಂಬಕ್ಕೆ ಕಟ್ಟಿ ಗುಂಡಿಕ್ಕಲಾಯಿತು. ಉಳಿದುಕೊಂಡ ನಾಲ್ಕೇ ಸಚಿವರಲ್ಲಿ ಎಲೆನ್ ಒಬ್ಬರು. ಹೊಸ ಆಡಳಿತ ಅವರನ್ನು ಅಭಿವೃದ್ಧಿ ಬ್ಯಾಂಕಿನ ಮುಖ್ಯಸ್ಥೆಯನ್ನಾಗಿ ಮಾಡಿತು. ಕೆಲವೇ ತಿಂಗಳಲ್ಲಿ ಅಲ್ಲಿಯೂ ಟೀಕೆ ಮಾಡಿ, ಮತ್ತೆ ದೇಶ ಬಿಡಬೇಕಾಯಿತು. ನೈರೋಬಿಯಲ್ಲಿ ಬ್ಯಾಂಕ್ ಕೆಲಸ ಸಿಕ್ಕಿತು.

ಒಳ್ಳೆಯ ಸಂಬಳ, ನೆಮ್ಮದಿಯ ಬದುಕು. ನಾನಾಗಿದ್ದರೆ ಅಲ್ಲೇ ಇದ್ದುಬಿಡುತ್ತಿದ್ದೆ. ಅವರು 1985ರ ಚುನಾವಣೆಗೆ ವಾಪಸ್ ಬಂದರು. ಡೋ ಸರ್ಕಾರದವರನ್ನು ಭಾಷಣವೊಂದರಲ್ಲಿ ಮೂರ್ಖರೆಂದು ಕರೆದದ್ದಕ್ಕೆ ರಾಜದ್ರೋಹದ ಆರೋಪ, ಹತ್ತು ವರ್ಷದ ಶಿಕ್ಷೆ! ಹೊರದೇಶಗಳ ಒತ್ತಡದಿಂದ ಬಿಡುಗಡೆಯಾಗಿ, ಸೆನೆಟ್‌ಗೆ ನಿಂತು ಗೆದ್ದರು. ಚುನಾವಣೆಯಲ್ಲಿ ಮೋಸ ನಡೆದಿದೆ, ಅಲ್ಲಿ ಹೋಗಿ ಕೂತರೆ ಮೋಸವನ್ನು ಒಪ್ಪಿದಂತಾಗುತ್ತದೆ ಎಂದು ಗೆದ್ದ ಕುರ್ಚಿಯನ್ನೇ ಬಿಟ್ಟರು. ಅದೇ ನವೆಂಬರ್‌ನಲ್ಲಿ ಡೋ ವಿರುದ್ಧ ನಡೆದ ದಂಗೆ ವಿಫಲವಾದಾಗ ಮತ್ತೆ ಬಂಧನ. ಒಂದು ರಾತ್ರಿ ಅವರನ್ನು 15 ಗಂಡಸರಿದ್ದ ಕೋಣೆಯಲ್ಲಿ ಕೂಡಿಹಾಕಿದ್ದರು. ಕೆಲವೇ ಗಂಟೆಗಳಲ್ಲಿ ಆ ಹದಿನೈದೂ ಜನರನ್ನು ಕೊಲ್ಲಲಾಯಿತು. ಒಬ್ಬ ಸೈನಿಕ ಅಡ್ಡ ಬಂದಿದ್ದರಿಂದ ಮಾತ್ರ ತಾನು ಅತ್ಯಾಚಾರದಿಂದ ಪಾರಾದೆ ಎಂದು ಅವರೇ ಹೇಳಿದ್ದಾರೆ. 1986ರಲ್ಲಿ ಬಿಡುಗಡೆಯಾಗಿ, ಮತ್ತೆ ವಿದೇಶ.

ಇಲ್ಲಿಯವರೆಗೆ ಓದಿ ಅವರನ್ನು ದೇವತೆ ಮಾಡುವ ಹಂತಕ್ಕೆ ಬಂದಿದ್ದೆ. ಮುಂದಿನ ಪುಟ ಅದಕ್ಕೆ ಅಡ್ಡ ಬಂತು. 1989ರ ಕ್ರಿಸ್‌ಮಸ್ ಹಿಂದಿನ ದಿನ ಚಾರ್ಲ್ಸ್ ಟೇಲರ್ ಎಂಬ ಬಂಡುಕೋರ ಡೋ ವಿರುದ್ಧ ಯುದ್ಧ ಸಾರಿದ. ಎಲೆನ್ ಶುರುವಿನಲ್ಲಿ ಅವನನ್ನು ಬೆಂಬಲಿಸಿದರು, ಅವನ ಕಡೆಗೆ ಹಣ ಕೂಡಿಸಿದರು. ಆ ಟೇಲರ್ ದೇಶವನ್ನು ಸುಟ್ಟ. ಚಿಕ್ಕ ಮಕ್ಕಳ ಕೈಗೆ ಬಂದೂಕು ಕೊಟ್ಟ. 1989ರಿಂದ 2003ರ ನಡುವಿನ ಎರಡು ಅಂತರ್ಯುದ್ಧಗಳಲ್ಲಿ ಸುಮಾರು ಎರಡೂವರೆ ಲಕ್ಷ ಜನ ಸತ್ತರೆಂದು ಅಂದಾಜು. ಎಲೆನ್ ಬೇಗನೆ ಅವನಿಂದ ದೂರವಾದರು. 1997ರಲ್ಲಿ ವಿಶ್ವಸಂಸ್ಥೆಯ ದೊಡ್ಡ ಹುದ್ದೆ ಬಿಟ್ಟು ಬಂದು ಅವನ ವಿರುದ್ಧವೇ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಟೇಲರ್‌ಗೆ ಶೇ 75 ಮತ, ಎಲೆನ್‌ಗೆ ಶೇ 10ರ ಆಸುಪಾಸು. ಸೋಲಿಸಿದರೆ ಅವನು ಮತ್ತೆ ಯುದ್ಧ ಶುರುಮಾಡುತ್ತಾನೆಂಬ ಭಯ ಜನರಿಗಿತ್ತು. 58ನೇ ವಯಸ್ಸಿನಲ್ಲಿ ಹೀಗೆ ಸೋತವರನ್ನು ರಾಜಕೀಯದಲ್ಲಿ ‘ಮುಗೀತು’ ಎನ್ನುತ್ತಾರೆ.

ಮುಗಿಯಲಿಲ್ಲ. 2003ರಲ್ಲಿ ಲೇಮಾ ಬೋವೀ ಎಂಬ ಯುವತಿಯ ಮುಂದಾಳತ್ವದಲ್ಲಿ ಬಿಳಿ ಬಟ್ಟೆ ತೊಟ್ಟ ಸಾವಿರಾರು ಹೆಂಗಸರು, ಕ್ರೈಸ್ತರೂ ಮುಸ್ಲಿಮರೂ ಒಟ್ಟಾಗಿ, ಬಿಸಿಲು ಮಳೆ ಎನ್ನದೆ ಶಾಂತಿಗಾಗಿ ಕುಳಿತರು. ಟೇಲರ್ ಅಧಿಕಾರ ಬಿಟ್ಟು ಹೊರಟ. 2005ರಲ್ಲಿ ಚುನಾವಣೆ. ಎಲೆನ್‌ಗೆ ಎದುರಾಳಿ ಯಾರು ಗೊತ್ತೇ? ಜಾರ್ಜ್ ವೇಯಾ. 1995ರಲ್ಲಿ ಜಗತ್ತಿನ ಶ್ರೇಷ್ಠ ಆಟಗಾರ ಎನಿಸಿಕೊಂಡ ಫುಟ್‌ಬಾಲ್ ತಾರೆ, ಯುವಕರ ಕಣ್ಮಣಿ. ಮೊದಲ ಸುತ್ತಿನಲ್ಲಿ ವೇಯಾಗೆ ಶೇ 28, ಎಲೆನ್‌ಗೆ ಶೇ 20ಕ್ಕೂ ಕಡಿಮೆ. ಸಂತೆಯಲ್ಲಿ ವ್ಯಾಪಾರ ಮಾಡುವ ಹೆಂಗಸರು ಎಲೆನ್ ಪರವಾಗಿ ಮನೆಮನೆಗೆ ಹೋದರು. ಎರಡನೇ ಸುತ್ತಿನಲ್ಲಿ ಎಲೆನ್‌ಗೆ ಶೇ 59.4! 2006ರ ಜನವರಿ 16ರಂದು ಪ್ರಮಾಣವಚನ. ಜಿಕೆ ಪುಸ್ತಕದ ಸಾಲು ಶುರುವಾಗುವುದು ಇಲ್ಲಿಂದ.

ಕುರ್ಚಿಯೇನೋ ಸಿಕ್ಕಿತು, ಖಜಾನೆಯಲ್ಲಿ ದುಡ್ಡಿಲ್ಲ. ಆಗ ಇಡೀ ಸರ್ಕಾರದ ವರ್ಷದ ಬಜೆಟ್ ಸುಮಾರು 8 ಕೋಟಿ ಡಾಲರ್. ಹೊರಗಿನ ಸಾಲ 450 ಕೋಟಿ ಡಾಲರ್‌ಗೂ ಹೆಚ್ಚು. ಮ್ಯಾಡಿಸನ್‌ನಲ್ಲಿ ಕಲಿತ ಜಮಾ–ಖರ್ಚು ಇಲ್ಲಿ ಕೆಲಸಕ್ಕೆ ಬಂತು. ಕೈಯಲ್ಲಿರುವ ನಗದಿನಷ್ಟೇ ಖರ್ಚು, ಹೊಸ ಸಾಲ ಇಲ್ಲ ಎಂದು ನಿಯಮ ಮಾಡಿದರು. ಮುಖ್ಯ ಇಲಾಖೆಗಳ ಖರ್ಚಿಗೆ ವಿದೇಶಿ ತಜ್ಞರ ಸಹಿಯೂ ಬೇಕೆಂಬ ಕಟ್ಟುಪಾಡಿತ್ತು. ಸ್ವತಂತ್ರ ದೇಶಕ್ಕೆ ಇದು ಅವಮಾನ ಎಂದು ಹಲವರಿಗೆ ಅನಿಸಿದರೂ ಅದನ್ನು ಒಪ್ಪಿ ನಡೆದರು. ವರ್ಷಗಟ್ಟಲೆ ಲೆಕ್ಕ ಒಪ್ಪಿಸಿದ ಮೇಲೆ, 2010ರಲ್ಲಿ 460 ಕೋಟಿ ಡಾಲರ್ ಸಾಲ ಮನ್ನಾ ಆಯಿತು.

ಎಲೆಕ್ಟ್ರಿಕಲ್ ವಿದ್ಯಾರ್ಥಿನಿಯಾದ ನನಗೆ ಹೆಚ್ಚು ಹಿಡಿಸಿದ್ದು ಕರೆಂಟಿನ ಕಥೆ. ಸೇಂಟ್ ಪಾಲ್ ನದಿಯ ಮೌಂಟ್ ಕಾಫಿ ಜಲವಿದ್ಯುತ್ ಕೇಂದ್ರ 1990ರಲ್ಲಿ ಯುದ್ಧದಿಂದ ಹಾಳಾಗಿತ್ತು. ಯಂತ್ರಗಳು, ತಂತಿಗಳೆಲ್ಲ ಲೂಟಿಯಾಗಿದ್ದವು. ಒಂದೂವರೆ ದಶಕ ರಾಜಧಾನಿಯಲ್ಲಿ ಬೀದಿದೀಪ ಉರಿದಿರಲಿಲ್ಲ. ಆರು ತಿಂಗಳಲ್ಲಿ ಬೆಳಕು ತರುತ್ತೇನೆ ಎಂದಿದ್ದ ಎಲೆನ್, 2006ರ ಜುಲೈ 26ರ ಸ್ವಾತಂತ್ರ್ಯ ದಿನದಂದು ನಗರದ ಕೆಲವು ಬೀದಿಗಳಲ್ಲಿ ದೀಪ ಹಚ್ಚಿಸಿದರು. ಅದು ಜನರೇಟರ್ ಕರೆಂಟು. ಮೌಂಟ್ ಕಾಫಿಯ ಮೊದಲ ಟರ್ಬೈನ್ ಮತ್ತೆ ತಿರುಗಿದ್ದು 2016ರ ಡಿಸೆಂಬರ್‌ನಲ್ಲಿ. ದೀಪ ಹಚ್ಚಲು ಆರು ತಿಂಗಳು, ವಿದ್ಯುತ್ ಕೇಂದ್ರ ಕಟ್ಟಲು ಹತ್ತು ವರ್ಷ. ಇದನ್ನು ನಮ್ಮ ಲ್ಯಾಬ್ ಗೋಡೆಯ ಮೇಲೆ ಬರೆಯಬೇಕು ಅನಿಸಿತು.

ನಮ್ಮ ದೇಶಕ್ಕೂ ಈ ಕಥೆಯಲ್ಲಿ ಪಾಲಿದೆ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗಳ ಇತಿಹಾಸದಲ್ಲೇ ಮೊದಲ ಸಂಪೂರ್ಣ ಮಹಿಳಾ ಪೊಲೀಸ್ ತುಕಡಿ ಲೈಬೀರಿಯಾಕ್ಕೆ ಹೋದದ್ದು ಭಾರತದಿಂದ. 2007ರಲ್ಲಿ ಸಿಆರ್‌ಪಿಎಫ್‌ನ ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳು ಅಲ್ಲಿ ಇಳಿದರು. ರಾತ್ರಿ ಗಸ್ತು ತಿರುಗಿದರು, ಅಧ್ಯಕ್ಷೆಯ ಕಚೇರಿಗೂ ಕಾವಲಿದ್ದರು. ತಂಡ ಬದಲಾಗುತ್ತಾ 2016ರವರೆಗೆ ಈ ಕೆಲಸ ನಡೆಯಿತು. ಇವರನ್ನು ನೋಡಿ ಅಲ್ಲಿನ ಹುಡುಗಿಯರೂ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕತೊಡಗಿದರು. ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವ ಅಕ್ಕಂದಿರೇ, ಇದನ್ನು ನೆನಪಿಟ್ಟುಕೊಳ್ಳಿ.

2011ರಲ್ಲಿ ಲೇಮಾ ಬೋವೀ ಮತ್ತು ಯೆಮನ್‌ನ ತವಕ್ಕುಲ್ ಕರ್ಮಾನ್ ಜೊತೆ ಎಲೆನ್‌ಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅದೇ ವರ್ಷ ಎರಡನೇ ಬಾರಿ ಗೆದ್ದರು. ಎರಡನೇ ಸುತ್ತನ್ನು ಎದುರಾಳಿಗಳು ಬಹಿಷ್ಕರಿಸಿದ್ದರು. ಎರಡನೇ ಅವಧಿಯಲ್ಲಿ ಹೊಗಳಿಕೆಗಿಂತ ತೆಗಳಿಕೆ ಹೆಚ್ಚು. ತಮ್ಮ ಮಕ್ಕಳಿಗೇ ದೊಡ್ಡ ಹುದ್ದೆ ಕೊಟ್ಟರೆಂಬ ಆರೋಪ ಬಂತು. ಜೊತೆಗೆ ನೊಬೆಲ್ ಪಡೆದ ಬೋವೀ ಅವರೇ ಇದನ್ನು ಟೀಕಿಸಿ, ಸರ್ಕಾರದ ಸಾಮರಸ್ಯ ಆಯೋಗದಿಂದ ಹೊರನಡೆದರು. 2013ರಲ್ಲಿ ಲೈಬೀರಿಯಾ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆದ ಸುಮಾರು 25 ಸಾವಿರ ವಿದ್ಯಾರ್ಥಿಗಳಲ್ಲಿ ಒಬ್ಬರೂ ಪಾಸಾಗಲಿಲ್ಲ. ಹೌದು, ಒಬ್ಬರೂ ಇಲ್ಲ! ಯುದ್ಧದಲ್ಲಿ ಶಾಲೆಗಳು ಸುಟ್ಟು, ಮೇಷ್ಟ್ರುಗಳು ದೇಶ ಬಿಟ್ಟು ಹೋದದ್ದರ ಫಲ ಅದು. ಐದು ವಿಷಯ ಹೋಗಿದ್ದಕ್ಕೆ ಜಗತ್ತೇ ಮುಳುಗಿತೆಂದು ಅತ್ತಿದ್ದ ನನಗೆ ಈ ಸಂಖ್ಯೆ ಓದಿ ಮಾತು ಹೊರಡಲಿಲ್ಲ.

2014ರಲ್ಲಿ ಎಬೋಲಾ. ಲೈಬೀರಿಯಾದಲ್ಲಿ 4,800ಕ್ಕೂ ಹೆಚ್ಚು ಜನ ಸತ್ತರು. ರಾಜಧಾನಿಯ ವೆಸ್ಟ್ ಪಾಯಿಂಟ್ ಎಂಬ ಕೊಳೆಗೇರಿಯನ್ನು ಎಲೆನ್ ಸೈನ್ಯ ಇಟ್ಟು ದಿಗ್ಬಂಧನ ಮಾಡಿಸಿದರು. ಗಲಾಟೆಯಲ್ಲಿ ಗುಂಡು ತಗುಲಿ ಹದಿಹರೆಯದ ಹುಡುಗನೊಬ್ಬ ಸತ್ತ. ಹತ್ತು ದಿನಕ್ಕೆ ದಿಗ್ಬಂಧನ ತೆಗೆದರು. ಹೋದ ಜೀವ ಹೋಯಿತು.

ಇಷ್ಟೆಲ್ಲ ಇದ್ದೂ ಅವರು ನನಗೆ ಹಿಡಿಸಿದ್ದೇಕೆ? ತಪ್ಪನ್ನು ತಪ್ಪು ಎಂದಿದ್ದಕ್ಕೆ. ಅಧ್ಯಕ್ಷೆಯಾಗಿದ್ದಾಗಲೇ, 2009ರಲ್ಲಿ, ಸತ್ಯ ಮತ್ತು ಸಾಮರಸ್ಯ ಆಯೋಗದ ಮುಂದೆ ಹೋಗಿ ಕೂತು, ಟೇಲರ್‌ನನ್ನು ನಂಬಿ ಮೋಸಹೋದದ್ದಕ್ಕೆ ದೇಶದ ಕ್ಷಮೆ ಕೇಳಿದರು. ಆಯೋಗ ಅವರಿಗೆ 30 ವರ್ಷ ಅಧಿಕಾರ ನಿಷೇಧಿಸಬೇಕೆಂದು ಶಿಫಾರಸು ಮಾಡಿತು. ಸುಪ್ರೀಂ ಕೋರ್ಟ್ ಅದನ್ನು ಸಂವಿಧಾನಕ್ಕೆ ವಿರುದ್ಧ ಎಂದಿತು. 2017ರಲ್ಲಿ ಭ್ರಷ್ಟಾಚಾರದ ವಿರುದ್ಧ ಕೊಟ್ಟ ಮಾತನ್ನು ಪೂರ್ತಿ ಉಳಿಸಿಕೊಳ್ಳಲಾಗಲಿಲ್ಲ ಎಂದು ತಮ್ಮ ಭಾಷಣದಲ್ಲೇ ಒಪ್ಪಿಕೊಂಡರು. ಎರಡು ಅವಧಿ ಮುಗಿಯಿತು, ಕುರ್ಚಿಗೆ ಅಂಟಿ ಕೂರಲಿಲ್ಲ. 2018ರ ಜನವರಿ 22ರಂದು ಅಧಿಕಾರ ಒಪ್ಪಿಸಿದ್ದು ಯಾರಿಗೆ? 2005ರಲ್ಲಿ ತಾವು ಸೋಲಿಸಿದ್ದ ಅದೇ ಜಾರ್ಜ್ ವೇಯಾಗೆ. 1944ರ ನಂತರ, ಒಬ್ಬ ಚುನಾಯಿತ ಅಧ್ಯಕ್ಷರಿಂದ ಇನ್ನೊಬ್ಬರಿಗೆ ಶಾಂತಿಯಿಂದ ಅಧಿಕಾರ ಹೋದದ್ದು ಅದೇ ಮೊದಲು.

ಇದನ್ನೆಲ್ಲ ಗ್ರಂಥಾಲಯದ ಅಣ್ಣನಿಗೆ ಹೇಳಿದೆ. ಪುಸ್ತಕ ಮುಚ್ಚಿಟ್ಟು ಕೇಳಿಸಿಕೊಂಡರು. ‘ಅರವತ್ತೇಳಾ? ನಮಗೆ ಅಲ್ಲಿಯವರೆಗೆ ಬಿಡಲ್ಲ ಕಣಮ್ಮ, ವಯೋಮಿತಿ ಇದೆ’ ಎಂದರು. ನಿಜವೇ. ಎಲೆನ್ ತಂದೆ ಶಾಸಕರಾಗಿದ್ದರು, ಅವರಿಗೆ ಹಾರ್ವರ್ಡ್ ಸಿಕ್ಕಿತು, ದೇಶ ಬಿಟ್ಟರೂ ಕೆಲಸ ಕೊಡುವವರಿದ್ದರು. ಎಲ್ಲರಿಗೂ ಅಷ್ಟು ಅವಕಾಶ ಬರುವುದಿಲ್ಲ. ಆದರೂ ಒಂದು ಮಾತು ಎಲ್ಲರಿಗೂ ಸಲ್ಲುತ್ತದೆ ಅನಿಸುತ್ತದೆ. ತಡವಾಗುವುದು ಬೇರೆ, ಮುಗಿದುಹೋಗುವುದು ಬೇರೆ. ಎರಡನ್ನೂ ಒಂದೇ ಎಂದುಕೊಂಡು ನಾನು ಒಂದು ವರ್ಷ ಅವಿತು ಕೂತಿದ್ದೆ.

ಹೋದ ತಿಂಗಳು ಸಂಬಂಧಿಕರ ಮನೆಯ ಗೃಹಪ್ರವೇಶದಲ್ಲಿ ಅತ್ತೆ ಕೇಳಿದರು, ‘ಈಗ ಎಷ್ಟನೇ ಸೆಮ್ಮೇ?’ ಇಷ್ಟು ದಿನ ‘ಆರನೇದು’ ಎಂದು ಸುಳ್ಳು ಹೇಳುತ್ತಿದ್ದೆ. ಅವತ್ತು ‘ಇಯರ್ ಬ್ಯಾಕ್ ಆಗಿದೆ ಅತ್ತೆ. ಎಂ-3 ಮತ್ತೆ ಬರೀತಿದೀನಿ’ ಎಂದೆ. ಪಕ್ಕದಲ್ಲಿದ್ದ ಅಮ್ಮ ನನ್ನ ಮುಖ ನೋಡಿದರು. ಅತ್ತೆ ಒಂದು ಕ್ಷಣ ಸುಮ್ಮನಿದ್ದು, ‘ಸರಿ, ಬರಿ ಬರಿ. ಮೊದಲು ಬಾ, ಎರಡನೇ ಪಂಕ್ತಿಗೆ ಎಲೆ ಹಾಕಿದ್ದಾರೆ’ ಎಂದರು. ನಾನು ಒಂದು ವರ್ಷ ಹೆದರಿದ್ದು ಇಷ್ಟಕ್ಕೇನಾ!

ಮುಂದಿನ ವಾರ ಎಂ-3 ಪರೀಕ್ಷೆ. ವಾಟ್ಸ್ಆ್ಯಪ್ ಗ್ರೂಪಿನ ಮ್ಯೂಟ್ ತೆಗೆದು, ಗೆಳತಿಯ ಹತ್ತಿರ ಹಳೆಯ ಪ್ರಶ್ನೆಪತ್ರಿಕೆಗಳನ್ನು ಕೇಳಿ ತರಿಸಿಕೊಂಡಿದ್ದೇನೆ. ಗ್ರಂಥಾಲಯದಲ್ಲಿ ಈಗ ಪಾತ್ರ ಅದಲು ಬದಲಾಗಿದೆ. ಅಣ್ಣ ಪ್ರಶ್ನೆಪತ್ರಿಕೆ ಹಿಡಿದು ಕೂರುತ್ತಾರೆ, ನಾನು ಉತ್ತರ ಹೇಳುತ್ತೇನೆ. ‘ಇದು ಏನು ಅಂತ ನಂಗೇನೂ ಗೊತ್ತಾಗಲ್ಲ, ಆದ್ರೂ ಹೇಳಮ್ಮ’ ಎನ್ನುತ್ತಾರೆ.